ಪ್ರಾಚ್ಯಶಬ್ದವಿಚಾರ

ಪೂರ್ವದೇಶಗಳ ವಸ್ತುಗಳನ್ನೂ ವಿದ್ಯೆಗಳನ್ನೂ ಕುರಿತು ಇಂಗ್ಲಿಷರು ಬಹುಕಾಲದಿಂದ ಬಳಸುತ್ತ ಬಂದ ‘ಓರಿಯೆಂಟಲ್’ ಎಂಬ ಮಾತಿಗೆ ಕನ್ನಡದಲ್ಲಿ ‘ಪ್ರಾಚ್ಯ’ ಎಂಬುದು ಪ್ರತಿಶಬ್ದವಾಗಿ ರೂಢಿಗೆ ಬಂದಿರುವುದಷ್ಟೆ. ಪ್ರಾಚ್ಯವಿದ್ಯೆ, ಪ್ರಾಚ್ಯವಸ್ತು, ಪ್ರಾಚ್ಯಸಂಶೋಧನೆ ಎಂಬ ಮಾತುಗಳನ್ನು ವಾಚಕರು ದಿನವೂ ಕಾಣುತ್ತಾರೆ. ಇವೆರಡು ಶಬ್ದಗಳೂ ಒಂದೇ ತಕ್ಕಡಿಯಲ್ಲಿ ಸರಿತೂಗುವುವೆಂದು ಎಲ್ಲರೂ ನಂಬಿದ್ದಾರೆ. ಆದರೆ ಎರಡರ ಹುಟ್ಟೂ ಬೇರೆ, ನಡೆಯೂ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡ ಈ ವ್ಯಾಪಾರದಲ್ಲಿ ಕನ್ನಡಿಗರ ಕೈಗೆ ಕೇಳದೆಯೇ ಬಂದುದೊಂದು ಅರ್ಥವುಂಟು. ಆ ಅರ್ಥವು ಮಾಡಿದ ಕೆಲಸವು ಸಣ್ಣದಲ್ಲ.

ಮೊದಲು ವಿದೇಶೀಯ ಶಬ್ದವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಓರಿಯೆನ್ಸ್’ ಎಂದರೆ ಏಳುತ್ತಿರುವುದು, ಉದಯಿಸುತ್ತಿರುವುದು. ಸೂರ್ಯನು ಏಳುವ ಕಡೆಯಾದುದರಿಂದ ಅದೇ ದಿಕ್ಕಿನ ಹೆಸರಾಯಿತು. ಅದಕ್ಕೆದುರಾದ ‘ಆಕ್ಸಿಡೆನ್ಸ್’ ಎಂದರೆ ಬೀಳುತ್ತಿರುವುದು, ಮುಳುಗುತ್ತಿರುವುದು. ಗ್ರೀಕರ ‘ಅನತೊಲೆ’ ಎಂಬುದಕ್ಕೂ ಉದಯವೆಂದೇ ಅರ್ಥ. ಇಂದಿನ ತುರ್ಕಿಯ ಬಹುಭಾಗಕ್ಕೆ ಅನತೋಲಿಯಾ ಎಂಬ ಹೆಸರು ಬಂದುದು ಅದರಿಂದಲೇ. ಇಷ್ಟು ದೂರ ಹೋಗಿ ಹುಡುಕುವ ಅಗತ್ಯವೂ ಇಲ್ಲ. ಅಚ್ಚಕನ್ನಡದಲ್ಲಿ ಮೂಡು ಎಂಬುದು ಹುಟ್ಟುವುದೆಂಬರ್ಥದ ಧಾತು, ಅದೇ ದಿಕ್ಕಿನ ಹೆಸರೂ ಹೌದು. ಪಡು ಎಂದರೆ ಬೀಳುವುದು, ಸೂರ್ಯನು ಮುಳುಗುವುದು, ಅದೇ ಪಡುವಣ. ಮೂಡುಬಿದಿರೆ, ಪಡುಬಿದಿರೆ ಎಂಬ ಊರುಗಳ ಹೆಸರಿನಲ್ಲಿ ಈ ಜೋಡಿ ಇಂದಿಗೂ ನಿಂತಿದೆ. ಮಲೆಯಾಳದವರು ಪಶ್ಚಿಮಕ್ಕೆ ‘ಪಡಿಞ್ಞಾರ್’ ಎನ್ನುವರು. ಅದು ಪಡುವ ಞಾಯಿರ್, ಎಂದರೆ ನಮ್ಮ ಮುಳುಗುವ ನೇಸರು. ಅದೇ ಮಲೆಯಾಳದವರು ಪೂರ್ವಕ್ಕೆ ಮಾತ್ರ ‘ಕಿೞಕ್ಕ್’ ಎಂದು ತಮಿಳರಂತೆಯೇ ಹೇಳುತ್ತಾರೆ. ಕಿೞ್ ಎಂದರೆ ಕೆಳಗು. ತಮಿಳುನಾಡಿನ ನೆಲವು ಘಟ್ಟದಿಂದ ಪೂರ್ವಸಮುದ್ರಕ್ಕೆ ಇಳಿಯುವುದರಿಂದ ಅಲ್ಲಿ ಈ ಹೆಸರು ಒಪ್ಪುತ್ತದೆ. ಕೇರಳದಲ್ಲಿಯಾದರೋ ಪೂರ್ವದಿಕ್ಕಿಗೆ ಬೆಟ್ಟಗಳೇ ನಿಂತಿವೆ. ಬೆಟ್ಟವನ್ನು ಎದುರಿಗಿಟ್ಟುಕೊಂಡು ಅದನ್ನು ಕೆಳಗು ಎನ್ನುವುದಕ್ಕೆ ಶಬ್ದಗಳ ಹಟವೇ ಕಾರಣ. ಶಬ್ದವು ಒಂದು ಸಲ ಬೇರೂರಿತೆಂದರೆ ನೆಲ ಬದಲಾದರೂ ಅದು ಬದಲಾಗದು.

ಹೀಗಿರಲು, ‘ಓರಿಯೆಂಟಲ್’ ಎಂಬುದರ ಒಡಹುಟ್ಟು ಕನ್ನಡದಲ್ಲಿ ‘ಮೂಡಣ’ವೇ ಹೊರತು ಪ್ರಾಚ್ಯವಲ್ಲ. ಮೂಡಣವಿದ್ಯೆ ಎಂದು ಬರೆದಿದ್ದರೆ ಅರ್ಥವು ತಲೆಕೂದಲಿನಷ್ಟೂ ಕೆಡುತ್ತಿರಲಿಲ್ಲ. ಆದರೆ ಶಾಸ್ತ್ರಕ್ಕೆ ಸಂಸ್ಕೃತದ ಶಾಲು ಹೊದಿಸದಿದ್ದರೆ ಗೌರವವಿಲ್ಲವೆಂಬ ಭಾವನೆ ಆ ಕಾಲದ ವಿದ್ವಾಂಸರಲ್ಲಿ ಬಲವಾಗಿತ್ತು. ಅವರು ಸಂಸ್ಕೃತಕ್ಕೆ ಕೈಚಾಚಿದರು.

ಸಂಸ್ಕೃತದಲ್ಲಿ ದಿಕ್ಕುಗಳ ಹೆಸರಿಗೆ ಸೂರ್ಯನಿಗಿಂತಲೂ ಮನುಷ್ಯಶರೀರವೇ ಆಧಾರವಾಗಿದೆ. ಕರ್ಮಕ್ಕೆ ಕುಳಿತವನು ಪ್ರಾಙ್ಮುಖನಾಗಿರುತ್ತಾನೆ. ಅವನ ಮುಂದಿರುವುದು ಪ್ರಾಚೀ, ‘ಪ್ರ’ ಎಂಬ ಉಪಸರ್ಗಕ್ಕೆ ಗತ್ಯರ್ಥದ ‘ಅಂಚು’ ಧಾತು ಸೇರಿ ಮುಂದಕ್ಕೆ ಹೋಗುವುದೆಂಬ ಅರ್ಥದಲ್ಲಿ ಆದುದು. ಬೆನ್ನ ಹಿಂದಿನದು ಪ್ರತೀಚೀ ಅಥವಾ ಪಶ್ಚಿಮ. ಬಲಗೈಯ ಕಡೆಯದು ದಕ್ಷಿಣ. ಇಂಗ್ಲಿಷರು ‘ಡೆಕ್ಕನ್’ ಎಂದು ನಕ್ಷೆಯಲ್ಲಿ ಬರೆದುದೂ ಬಲಗೈಯನ್ನೇ. ಎತ್ತರವಾದ ಕಡೆ ಉದೀಚೀ, ಉತ್ತರ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಮುಂದಿರುವುದೇ ಕಾಲದಲ್ಲಿಯೂ ಮೊದಲಿನದೆಂದು ಆ ಭಾಷೆ ಎಣಿಸುತ್ತದೆ. ಪೂರ್ವವೆಂದರೆ ಮೂಡಣವೂ ಹೌದು, ಹಿಂದಿನ ಕಾಲವೂ ಹೌದು. ಪ್ರಾಕ್ ಎಂದರೆ ಪೂರ್ವದಿಕ್ಕು, ಪ್ರಾಕ್ತನವೆಂದರೆ ಹಳೆಯದು. ಪ್ರಾಚೀನ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳೂ ಇವೆ. ಇದು ಸಂಸ್ಕೃತದೊಂದರ ಗುಣವಲ್ಲ. ಯಹೂದ್ಯರ ಹೀಬ್ರೂ ಭಾಷೆಯಲ್ಲಿ ‘ಕೆದೆಮ್’ ಎಂಬ ಶಬ್ದಕ್ಕೆ ಮುಂಭಾಗ, ಪೂರ್ವದಿಕ್ಕು, ಪುರಾತನಕಾಲ ಎಂಬ ಮೂರರ್ಥಗಳೂ ಉಂಟು. ಕನ್ನಡದ ನಡೆ ಇದಕ್ಕೆ ಬಹುಮಟ್ಟಿಗೆ ವಿಪರೀತ. ನಾವು ಕಳೆದ ಕಾಲವನ್ನು ಬೆನ್ನಿಗೆ ಹಾಕಿ ‘ಹಿಂದೆ’ ಎನ್ನುತ್ತೇವೆ, ಬರುವುದನ್ನು ‘ಮುಂದೆ’ ಎನ್ನುತ್ತೇವೆ. ಮುನ್ನ, ಮುಂಚೆ ಎಂಬ ಮಾತುಗಳಲ್ಲಿ ಮಾತ್ರ ಸಂಸ್ಕೃತದ ಕ್ರಮವೇ ಕಾಣುತ್ತದೆ.

ಇನ್ನು ಪ್ರಾಚ್ಯ ಎಂಬ ಶಬ್ದವು ಈ ದೇಶದಲ್ಲಿಯೇ ಪಟ್ಟ ಪಾಡು. ಬ್ರಾಹ್ಮಣಗ್ರಂಥಗಳಲ್ಲಿ ಅದು ಗಂಗೆಯ ಕೆಳಗಣ ಬಯಲಿನ ಜನರ ಹೆಸರು. ಐತರೇಯ ಬ್ರಾಹ್ಮಣವು ಪ್ರಾಚ್ಯರ ದೊರೆಗಳು ಸಾಮ್ರಾಜ್ಯಕ್ಕೆ ಅಭಿಷಿಕ್ತರಾಗುತ್ತಾರೆಂದು ಗೌರವದಿಂದ ಹೇಳುತ್ತದೆ. ಶತಪಥ ಬ್ರಾಹ್ಮಣದಲ್ಲಿ ಆ ಗೌರವವಿಲ್ಲ. ದೇವಪಕ್ಷದವರು ಶ್ಮಶಾನವನ್ನು ಚೌಕವಾಗಿ ಮಾಡುವರೆಂದೂ, ಆಸುರಸ್ವಭಾವದ ಪ್ರಾಚ್ಯರೇ ಮೊದಲಾದವರು ಅದನ್ನು ಗುಂಡಾಗಿ ಮಾಡುವರೆಂದೂ ಅಲ್ಲಿ ಬಂದಿದೆ. ಪೂರ್ವದವರೆಂದರೆ ಆಚಾರ ಬೇರೆಯಾದವರು, ಸ್ವಲ್ಪ ದೂರವಿಡತಕ್ಕವರು ಎಂಬ ತಾತ್ಸಾರವನ್ನು ಯೂರೋಪಿನವರೇ ಮೊದಲು ಕಂಡುಹಿಡಿದರೆಂದು ಹೇಳುವವರು ಈ ಸ್ಥಳವನ್ನು ಒಮ್ಮೆ ನೋಡಬೇಕು.

ಪಾಣಿನಿಯು ಸಿಂಧೂನದಿಯ ಸಮೀಪದ ಶಲಾತುರದವನು. ಅವನು ‘ಪ್ರಾಚಾಂ’, ‘ಉದೀಚಾಂ’ ಎಂದು ಪೂರ್ವದವರ ಮತ್ತು ಉತ್ತರದವರ ಪ್ರಯೋಗಭೇದಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದಾನೆ. ಅವನಲ್ಲಿ ತಾತ್ಸಾರವಿಲ್ಲ, ಲೆಕ್ಕಾಚಾರವಷ್ಟೇ ಇದೆ. ಈ ಇಬ್ಬರಿಗೂ ಗಡಿಯಾವುದು? ಪಾಠಶಾಲೆಯ ಹುಡುಗರೆಲ್ಲರೂ ಬಾಯಿಪಾಠ ಮಾಡುವ ಅಮರಕೋಶವು ಭೂಮಿವರ್ಗದಲ್ಲಿ ಅದನ್ನು ತೀರ್ಮಾನಿಸಿದೆ. ಶರಾವತೀನದಿಯನ್ನು ಅವಧಿಯಾಗಿಟ್ಟುಕೊಂಡು ಅದರ ಪೂರ್ವದಕ್ಷಿಣದ ದೇಶವು ಪ್ರಾಚ್ಯ, ಪಶ್ಚಿಮೋತ್ತರದ್ದು ಉದೀಚ್ಯ. ಈ ಶರಾವತಿ ಜೋಗದಲ್ಲಿ ಧುಮುಕುವ ನಮ್ಮ ಶರಾವತಿಯಲ್ಲ, ಉತ್ತರದೇಶದ್ದು. ಕನ್ನಡನಾಡಿನ ಹುಡುಗರು ಅದನ್ನು ತಮ್ಮ ಹೊಳೆಯೆಂದೇ ತಿಳಿಯುವುದು ಸಹಜ. ಅಮರನ ಲೆಕ್ಕದಂತೆ ಕನ್ನಡನಾಡು ಪ್ರಾಚ್ಯದೇಶದಲ್ಲಿ ಸೇರುತ್ತದೆ, ಆದರೆ ಪಾಣಿನಿಯ ಹುಟ್ಟೂರು ಸೇರುವುದಿಲ್ಲ. ಸಂಸ್ಕೃತವ್ಯಾಕರಣವನ್ನು ‘ಪ್ರಾಚ್ಯವಿದ್ಯೆ’ ಎಂದು ಕರೆಯುವಾಗ ಈ ಸಂಗತಿಯನ್ನು ನೆನೆದರೆ ನಗು ಬಾರದಿರದು.

ಕ್ರಿಸ್ತಪೂರ್ವ ೪ನೆಯ ಶತಮಾನದ ಕೊನೆಯಲ್ಲಿ ಸೆಲ್ಯೂಕಸನ ರಾಯಭಾರಿಯಾಗಿ ಚಂದ್ರಗುಪ್ತನಲ್ಲಿಗೆ ಬಂದ ಮೆಗಾಸ್ತನೀಸನ ವರ್ಣನೆಗಳನ್ನು ಆಧರಿಸಿ ಬರೆದ ಗ್ರೀಕ್ ಮತ್ತು ರೋಮನ್ ಲೇಖಕರು ಪಾಟಲೀಪುತ್ರದ ಜನರನ್ನು ‘ಪ್ರಾಸಿಯೋಯ್’, ‘ಪ್ರಾಸಿಯೈ’ ಎನ್ನುತ್ತಾರೆ. ಅದು ಪ್ರಾಚ್ಯ ಎಂಬುದರ ಗ್ರೀಕ್ ಉಚ್ಚಾರಣೆ. ಅಂತೂ ಓರಿಯೆಂಟಲ್ ಎಂಬ ಮಾತು ಕಲ್ಕತ್ತೆಯ ಹಡಗುಕಟ್ಟೆಯಲ್ಲಿ ಇಳಿಯುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮುಂಚೆಯೇ ಪ್ರಾಚ್ಯ ಎಂಬ ಮಾತು ಯೂರೋಪಿಗೆ ಹೋಗಿತ್ತು. ಅಲ್ಲಿ ಅದು ದಿಕ್ಕನ್ನು ಮರೆತು ಒಂದು ಜನಾಂಗದ ಅಂಕಿತನಾಮವಾಯಿತು.

ಈ ಸಂದರ್ಭದಲ್ಲಿ ಜೊತೆಯ ಶಬ್ದಗಳನ್ನೂ ವಿಚಾರಿಸದೆ ಬಿಡುವಂತಿಲ್ಲ. ದಕ್ಷಿಣಾ, ಪಶ್ಚಾತ್, ಪುರಸ್ ಎಂಬ ಮೂರಕ್ಕೆ ಪಾಣಿನಿಯು ಒಂದೇ ಸೂತ್ರದಿಂದ ಒಂದೇ ಪ್ರತ್ಯಯವನ್ನು ವಿಧಿಸಿದ್ದಾನೆ. ಅದರಿಂದ ದಾಕ್ಷಿಣಾತ್ಯ, ಪಾಶ್ಚಾತ್ತ್ಯ, ಪೌರಸ್ತ್ಯ ಎಂಬ ರೂಪಗಳು ಸಿದ್ಧಿಸುತ್ತವೆ. ಪಾಶ್ಚಾತ್ತ್ಯಕ್ಕೆ ಸರಿಯಾದ ಜೋಡಿ ಪೌರಸ್ತ್ಯವೇ. ‘ಪೌರ್ವಾತ್ಯ’ ಎಂದು ಅನೇಕರು ಬರೆಯುವುದುಂಟು. ಅದು ಪಾಶ್ಚಾತ್ಯ ಎಂಬುದರ ಸದ್ದನ್ನು ಕೇಳಿ ಹೊಲಿದ ಅಂಗಿ, ವ್ಯಾಕರಣದ ಅಳತೆಗೆ ಸಿಕ್ಕುವುದಿಲ್ಲ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದ ದಿಗ್ವಿಜಯದಲ್ಲಿ ಎರಡನ್ನೂ ಪ್ರಯೋಗಿಸಿದ್ದಾನೆ. ಅಲ್ಲಿ ಪೌರಸ್ತ್ಯರೆಂದರೆ ತಾಳೆಮರಗಳ ಪೂರ್ವಕರಾವಳಿಯ ಹಾದಿಯಲ್ಲಿ ರಘುವಿಗೆ ಸೋತ ಜನಪದಗಳವರು. ಪಾಶ್ಚಾತ್ತ್ಯರೆಂದರೆ ಕುದುರೆಸವಾರಿಯ ಪಡುವಣ ಸೈನಿಕರು, ಪಾರಸೀಕರ ಸೀಮೆಯವರು. ಇಂದು ನಾವು ಓರಿಯೆಂಟಿನ ನಡುಮನೆಯಲ್ಲಿ ಕೂರಿಸುವ ಪರ್ಷಿಯವು ಕಾಳಿದಾಸನಿಗೆ ಪಾಶ್ಚಾತ್ತ್ಯ. ದಿಕ್ಕಿನ ಹೆಸರುಗಳೆಲ್ಲವೂ ಹೇಳುವವನ ಜಗುಲಿಯಿಂದ ಹೊರಡುವುವು.

ಹಾಗಾದರೆ ‘ಓರಿಯೆಂಟ್’ ಎನ್ನುವವರ ಜಗುಲಿ ಎಲ್ಲಿತ್ತು? ಕ್ರಿ. ಶ. ೪ನೆಯ ಶತಮಾನದ ರೋಮಸಾಮ್ರಾಜ್ಯದಲ್ಲಿ ಓರಿಯೆನ್ಸ್ ಎಂಬುದು ಸರಕಾರೀ ಕಾಗದದ ಹೆಸರು. ಸಿರಿಯಾ, ಪ್ಯಾಲೆಸ್ಟೈನ್ ಮುಂತಾದ ಪ್ರಾಂತಗಳು ಕೂಡಿದ ಒಂದು ಆಡಳಿತವಿಭಾಗಕ್ಕೆ ಆ ಹೆಸರಿತ್ತು. ಅದರ ಅಧಿಕಾರಿಯು ಅಂತಿಯೋಕ್ ನಗರದಲ್ಲಿದ್ದನು. ರೋಮಿನ ಸಾಮ್ರಾಜ್ಯ ಹೋಯಿತು, ಹೆಸರು ಉಳಿಯಿತು. ವರ್ತಕರು ಎಷ್ಟು ದೂರ ಹೋದರೋ ಹೆಸರೂ ಅಷ್ಟು ದೂರ ಹಿಗ್ಗಿತು. ಆದರೂ ಮೂಲದ ನೆನಪು ಪೂರ್ತಿ ಅಳಿಯಲಿಲ್ಲ. ೧೮೮೩ರಲ್ಲಿ ಪ್ಯಾರಿಸಿನಿಂದ ಕಾನ್‌ಸ್ಟಾಂಟಿನೋಪಲಿನ ಕಡೆಗೆ ಹೊರಟ ಪ್ರಸಿದ್ಧವಾದ ರೈಲಿಗೆ ‘ಓರಿಯೆಂಟ್ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು. ಓರಿಯೆಂಟಿನ ಬಾಗಿಲಲ್ಲಿಯೇ ಹಳಿ ಮುಗಿಯುತ್ತಿತ್ತು. ಫ್ರೆಂಚರಿಗೆ ಆ ಮಾತಿನಿಂದ ಮೊದಲು ನೆನಪಾಗುವವರು ಅರಬ್ಬರೂ ತುರುಕರೂ. ಅಮೆರಿಕದವರಿಗೆ ಚೀನೀಯರೂ ಜಪಾನೀಯರೂ. ಕಲ್ಕತ್ತೆಯ ಇಂಗ್ಲಿಷರಿಗೆ ನಮ್ಮ ಪಂಡಿತರು ಮತ್ತು ಮೌಲವಿಗಳು.

ಆ ಶಬ್ದಕ್ಕೆ ಒಂದು ಕಾಲದಲ್ಲಿ ಬಹು ಮರ್ಯಾದೆಯಿತ್ತೆಂಬುದನ್ನೂ ಹೇಳಬೇಕು. ಫ್ರೆಂಚಿನ ಮೂಲಕ ೧೪ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಅದು ರತ್ನವ್ಯಾಪಾರಿಗಳ ಕೈಗೆ ಸಿಕ್ಕಿತು. ಒಳ್ಳೆಯ ಮುತ್ತುಗಳು ಪೂರ್ವದಿಂದ ಬರುತ್ತಿದ್ದುದರಿಂದ ಮುತ್ತಿನ ಕಾಂತಿಗೇ ‘ಓರಿಯೆಂಟ್’ ಎಂಬ ಹೆಸರಾಯಿತು. ಇಂದಿಗೂ ಮುತ್ತಿನ ವ್ಯಾಪಾರದಲ್ಲಿ ಅದು ಬಳಕೆಯಲ್ಲಿದೆ. ಕುರುವಿಂದಜಾತಿಯ ಕಲ್ಲುಗಳು ವಜ್ರವೊಂದನ್ನು ಬಿಟ್ಟರೆ ಉಳಿದ ರತ್ನಗಳಿಗಿಂತ ಗಟ್ಟಿಯಾದುವು. ಆದುದರಿಂದ ಹಳದಿಯ ಕುರುವಿಂದವಾದ ಪುಷ್ಯರಾಗಕ್ಕೆ ‘ಓರಿಯೆಂಟಲ್ ಟೋಪಾಜ್’ ಎಂದೂ, ಹಸುರಿನದಕ್ಕೆ ‘ಓರಿಯೆಂಟಲ್ ಎಮರಾಲ್ಡ್’ ಎಂದೂ, ನೇರಳೆಯದಕ್ಕೆ ‘ಓರಿಯೆಂಟಲ್ ಅಮೆಥಿಸ್ಟ್’ ಎಂದೂ ಹೆಸರಿಟ್ಟು ಹೆಚ್ಚು ಬೆಲೆಗೆ ಮಾರಿದರು. ಇಲ್ಲಿ ಓರಿಯೆಂಟಲ್ ಎಂದರೆ ಪೂರ್ವದ್ದೆಂಬುದಕ್ಕಿಂತ ಉತ್ತಮವಾದುದು, ಗಟ್ಟಿಯಾದುದು ಎಂದೇ ಅರ್ಥ. ಆ ಕಲ್ಲಿಗೆ ಅವರು ಇಟ್ಟ ‘ಕೊರಂಡಮ್’ ಎಂಬ ಹೆಸರೂ ತಮಿಳಿನ ಕುರುಂದದಿಂದ ಹೋದದ್ದೇ. ಇನ್ನೊಂದು ಕಡೆ, ಮಧ್ಯಯುಗದ ಯೂರೋಪಿನ ಭೂಪಟಗಳಲ್ಲಿ ಪೂರ್ವವನ್ನು ಮೇಲಕ್ಕೆ ಬರೆಯುತ್ತಿದ್ದರು, ಇಗರ್ಜಿಗಳನ್ನು ಪೂರ್ವಾಭಿಮುಖವಾಗಿ ಕಟ್ಟುತ್ತಿದ್ದರು. ಆದಕಾರಣ ದಿಕ್ಕನ್ನು ಗೊತ್ತುಮಾಡಿಕೊಳ್ಳುವುದಕ್ಕೇ ‘ಓರಿಯೆಂಟ್’ ಎಂಬ ಕ್ರಿಯಾಪದ ಹುಟ್ಟಿತು. ನಮ್ಮ ಪ್ರಾಙ್ಮುಖನ ಹಾಗೆ ಅವರೂ ಮೂಡಣಕ್ಕೆ ಮುಖಮಾಡಿಯೇ ಲೋಕವನ್ನು ಅಳೆದ ಕಾಲವಿತ್ತು.

ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸನು ೧೭೮೪ರಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದನು. ೧೭೮೫ರಲ್ಲಿ ವಿಲ್ಕಿನ್ಸನ ಗೀತಾನುವಾದ ಅಚ್ಚಾಯಿತು. ೧೭೯೧ರಲ್ಲಿ ಕಾಶಿಯಲ್ಲಿ ಸಂಸ್ಕೃತ ಕಾಲೇಜು ಆರಂಭವಾಯಿತು. ಈ ಕಾಲದ ‘ಓರಿಯೆಂಟಲಿಸ್ಟ್’ ಎಂದರೆ ಪಂಡಿತರ ಬಳಿ ಕೂತು ಪಾಠ ಹೇಳಿಸಿಕೊಂಡವನು. ೧೮೧೩ರ ಶಾಸನವು ವಿದ್ಯಾಭಿವೃದ್ಧಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ಇಡಬೇಕೆಂದು ಹೇಳಿದ ಮೇಲೆ, ಆ ಹಣ ಯಾವ ವಿದ್ಯೆಗೆ ಎಂಬ ವಿವಾದ ಬೆಳೆಯಿತು. ಸಂಸ್ಕೃತ, ಅರಬ್ಬೀ, ಪಾರಸಿಗಳ ಪಾಠಕ್ಕೆ ಸಹಾಯ ನಿಲ್ಲಬಾರದೆಂದವರು ಓರಿಯೆಂಟಲಿಸ್ಟ್ ಪಕ್ಷದವರೆನಿಸಿಕೊಂಡರು; ಪ್ರಿನ್ಸೆಪ್, ವಿಲ್ಸನ್ ಮೊದಲಾದವರು ಆ ಕಡೆ. ೧೮೩೫ರ ಫೆಬ್ರುವರಿ ೨ರಂದು ಮೆಕಾಲೆಯು ತನ್ನ ಪ್ರಸಿದ್ಧವಾದ ಟಿಪ್ಪಣಿಯನ್ನು ಬರೆದನು. ಆ ಭಾಷೆಗಳನ್ನು ತಾನು ಅರಿಯೆನೆಂದು ಒಪ್ಪಿಕೊಂಡೇ ಅವುಗಳ ವಾಙ್ಮಯಕ್ಕೆ ಬೆಲೆಕಟ್ಟಿದ ಧೈರ್ಯವು ಆಶ್ಚರ್ಯಕರವಾದುದು. ಮಾರ್ಚ್ ೭ರಂದು ಬೆಂಟಿಂಕನ ಆಜ್ಞೆ ಹೊರಟಿತು. ಇದ್ದ ಪಾಠಶಾಲೆಗಳನ್ನು ಮುಚ್ಚಲಿಲ್ಲ. ಆದರೆ ಹೊಸದಾಗಿ ಸೇರುವವರಿಗೆ ವಿದ್ಯಾರ್ಥಿವೇತನವಿಲ್ಲವೆಂದೂ, ಸಂಸ್ಕೃತ ಮೊದಲಾದ ಗ್ರಂಥಗಳ ಮುದ್ರಣಕ್ಕೆ ಇನ್ನು ಹಣವಿಲ್ಲವೆಂದೂ ತೀರ್ಮಾನವಾಯಿತು. ಅರ್ಧ ಅಚ್ಚಾಗಿ ನಿಂತ ಮಹಾಭಾರತವನ್ನು ಏಷಿಯಾಟಿಕ್ ಸೊಸೈಟಿಯವರು ವಹಿಸಿಕೊಂಡು ೧೮೩೯ರಲ್ಲಿ ಮುಗಿಸಿದರು. ಪಂಡಿತವರ್ಗಕ್ಕೆ ಆ ದಿನಗಳಲ್ಲಿ ಓರಿಯೆಂಟಲ್ ಎಂಬ ಮಾತು ಬೈಗುಳವಾಗಿರಲಿಲ್ಲ, ಮಳೆಯಲ್ಲಿ ಸಿಕ್ಕಿದ ಛತ್ರಿಯಾಗಿತ್ತು.

ಆ ಛತ್ರಿಯ ಕೆಳಗೇ ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಓರಿಯೆಂಟಲ್ ಲೈಬ್ರರಿಯು ಹುಟ್ಟಿತು. ಹಳ್ಳಿಯ ಅಟ್ಟಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಓಲೆಗರಿಗಳು ಅಲ್ಲಿ ಬಂದು ಸೇರಿದುವು. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದುದು ಲೋಕಪ್ರಸಿದ್ಧವಾದ ಸಂಗತಿ. ಪರಂಪರೆಯು ಆ ಗ್ರಂಥವನ್ನು ಪಾಟಲೀಪುತ್ರದ ಚಂದ್ರಗುಪ್ತನ ಮಂತ್ರಿಗೆ ಹೇಳುತ್ತದೆ. ಪರಂಪರೆಯ ಮಾತು ನಿಜವಾದರೆ ಮೆಗಾಸ್ತನೀಸನು ಹೇಳಿದ ಪ್ರಾಸಿಯೋಯ್ ನಾಡಿನ ಗ್ರಂಥವದು. ಓಲೆಗಳ ಆ ರಾಶಿಯಲ್ಲಿ ಹಳೆಯ ಅರ್ಥದಲ್ಲಿಯೂ ಪ್ರಾಚ್ಯವೆನಿಸಿಕೊಳ್ಳುವ ಹಕ್ಕು ಅದಕ್ಕಿತ್ತು. ಪುಣೆಯಲ್ಲಿ ೧೯೧೭ರಲ್ಲಿ ಭಾಂಡಾರಕರರ ಹೆಸರಿನ ಸಂಸ್ಥೆಯೂ, ೧೯೧೯ರಲ್ಲಿ ಅಖಿಲ ಭಾರತ ಓರಿಯೆಂಟಲ್ ಸಮ್ಮೇಳನವೂ ಆರಂಭವಾದುವು. ಆ ಸಮ್ಮೇಳನವು ೧೯೩೫ರಲ್ಲಿ ಮೈಸೂರಿನಲ್ಲಿ ಸೇರಿತ್ತು. ಮೈಸೂರಿನ ಲೈಬ್ರರಿಯು ೧೯೪೩ರಲ್ಲಿ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಹೆಸರನ್ನು ಪಡೆಯಿತು. ಕನ್ನಡದಲ್ಲಿ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ.

ಹೆಸರಿನ ಈ ಅನುವಾದದಲ್ಲಿಯೇ ಕೇಳದೆ ಬಂದ ಅರ್ಥವು ಒಳಗೆ ನುಗ್ಗಿದುದು. ಕನ್ನಡಿಗನ ಕಿವಿಗೆ ಪ್ರಾಚ್ಯವೆಂದರೆ ಪೂರ್ವದಿಕ್ಕಿನದೆಂದು ಕೇಳಿಸುವುದಿಲ್ಲ. ಪಕ್ಕದಲ್ಲಿಯೇ ಪ್ರಾಚೀನವಿರುವುದರಿಂದ ಹಳೆಯದೆಂದು ಕೇಳಿಸುತ್ತದೆ. ಇದಕ್ಕೆ ಸಾಕ್ಷಿಯು ‘ಪ್ರಾಚ್ಯವಸ್ತು’ ಎಂಬ ಮಾತು. ಅಕ್ಷರಾರ್ಥವು ಪೂರ್ವದೇಶದ ವಸ್ತುವೆಂದು. ಬಳಕೆಯ ಅರ್ಥವು ಮಣ್ಣಿನಲ್ಲಿ ಹೂತುಹೋಗಿದ್ದು ಅಗೆದು ತೆಗೆದ ಪುರಾತನವಸ್ತುವೆಂದು. ಪ್ರಾಚ್ಯವಸ್ತುಶಾಸ್ತ್ರವೆಂದರೆ ಉತ್ಖನನದ ಶಾಸ್ತ್ರ. ಇಂಗ್ಲಿಷಿನ ಓರಿಯೆಂಟಲ್ ಎಂಬ ಶಬ್ದವು ನಮ್ಮ ವಿದ್ಯೆಯನ್ನು ದೂರದ್ದೆಂದಿತು. ನಾವೇ ಆರಿಸಿದ ಪ್ರಾಚ್ಯ ಎಂಬ ಶಬ್ದವು ಅದನ್ನು ತೀರಿಹೋದದ್ದೆಂದಿತು. ದೂರದ್ದನ್ನು ಹತ್ತಿರಕ್ಕೆ ತರಬಹುದು. ತೀರಿಹೋದದ್ದನ್ನು ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಬಹುದಷ್ಟೆ. ಯಾವ ಕಾಲದಲ್ಲಿ ಮೈಸೂರು, ಶೃಂಗೇರಿ, ಮೇಲುಕೋಟೆಗಳಲ್ಲಿ ನ್ಯಾಯ, ವ್ಯಾಕರಣ, ವೇದಾಂತಗಳನ್ನು ಕಂಠಸ್ಥವಾಗಿ ಪಾಠ ಹೇಳುತ್ತಿದ್ದರೋ, ವಾಕ್ಯಾರ್ಥಸಭೆಗಳಲ್ಲಿ ಹೊಸ ಆಕ್ಷೇಪಗಳಿಗೆ ಹೊಸ ಸಮಾಧಾನಗಳು ಹುಟ್ಟುತ್ತಿದ್ದುವೋ, ಅದೇ ಕಾಲದಲ್ಲಿ ಆ ವಿದ್ಯೆಗೆ ಶಿಲಾಯುಗದ ಕೊಡಲಿಗೂ ಮುರಿದ ಮಡಕೆಗೂ ಇದ್ದ ವಿಶೇಷಣವೇ ಬಂದಿತು. ಹಸ್ತಪ್ರತಿಗಳ ರಕ್ಷಣೆ ಆ ಹೆಸರಿನಿಂದಾಯಿತೆಂಬುದು ಸತ್ಯ, ಅದನ್ನು ಅಲ್ಲಗಳೆಯುವವನು ಕೃತಘ್ನನು. ಓಲೆ ಉಳಿಯಿತು, ಓಲೆಯನ್ನು ನೋಡದೆ ಪಾಠ ಹೇಳಬಲ್ಲವನ ಮನೆಯ ಮಗನು ಬೇರೆ ಶಾಲೆಗೆ ಹೋದನು. ಇದಕ್ಕೆ ಶಬ್ದವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು, ಹೊಟ್ಟೆಯ ಪ್ರಶ್ನೆಯೇ ದೊಡ್ಡದು. ಆದರೆ ಮಗನನ್ನು ಕಳಿಸುವ ತಂದೆಯ ಮನಸ್ಸಿಗೆ ಆ ಶಬ್ದವು ಒಂದು ಸಮಾಧಾನವನ್ನು ಒದಗಿಸಿತು.

ಪಶ್ಚಿಮದಲ್ಲಿ ಮೂಲಶಬ್ದವೇ ಈಗ ಗಂಟುಕಟ್ಟುತ್ತಿದೆ. ೧೮೭೩ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಓರಿಯೆಂಟಲಿಸ್ಟರ ಅಂತರಾಷ್ಟ್ರೀಯ ಸಮ್ಮೇಳನವು ಸರಿಯಾಗಿ ನೂರು ವರ್ಷಗಳ ಮೇಲೆ, ೧೯೭೩ರಲ್ಲಿ, ಅದೇ ಪ್ಯಾರಿಸಿನಲ್ಲಿ ಆ ಹೆಸರನ್ನು ಬಿಟ್ಟಿತು. ೧೯೭೮ರಲ್ಲಿ ಎಡ್ವರ್ಡ್ ಸೈದನ ‘ಓರಿಯೆಂಟಲಿಸಂ’ ಎಂಬ ಗ್ರಂಥವು ಪ್ರಕಟವಾದ ಮೇಲೆ, ಪಂಡಿತರ ಪಕ್ಷದವನೆಂಬ ೧೮೩೫ರ ಅರ್ಥವು ಹೋಗಿ, ಪೂರ್ವವನ್ನು ಆಳುವುದಕ್ಕಾಗಿ ಅದನ್ನು ವರ್ಣಿಸಿದವನೆಂಬ ಆಪಾದನೆಯ ಅರ್ಥವು ಬಂದಿತು. ಸೈದನ ದೃಷ್ಟಿಯು ಮುಖ್ಯವಾಗಿ ಅರಬ್ಬೀ ದೇಶಗಳ ಮೇಲಿತ್ತು. ಶಾಮಶಾಸ್ತ್ರಿಗಳಂಥವರನ್ನು ಯಾವ ಪಕ್ಷದಲ್ಲಿ ಕೂರಿಸಬೇಕೆಂಬ ಪ್ರಶ್ನೆಗೆ ಆ ಗ್ರಂಥದಲ್ಲಿ ಉತ್ತರ ಸಿಕ್ಕುವುದಿಲ್ಲ. ಅಮೆರಿಕದ ಸಂಯುಕ್ತಸಂಸ್ಥಾನವು ೨೦೧೬ರಲ್ಲಿ ಶಾಸನಮಾಡಿ ತನ್ನ ಕಾನೂನುಗಳಲ್ಲಿ ಮನುಷ್ಯರಿಗೆ ಹಚ್ಚಿದ್ದ ‘ಓರಿಯೆಂಟಲ್’ ಎಂಬುದನ್ನು ತೆಗೆದು ಏಷ್ಯನ್ ಅಮೆರಿಕನ್ ಎಂದು ಬರೆಯಿತು. ರತ್ನಗಂಬಳಿಗೆ ಮಾತ್ರ ಅಂಗಡಿಯವರು ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಆಕ್ಸ್‌ಫರ್ಡಿನ ಓರಿಯೆಂಟಲ್ ಅಧ್ಯಯನವಿಭಾಗವು ೨೦೨೨ರಲ್ಲಿಯೂ, ಚಿಕಾಗೋವಿನ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ೨೦೨೩ರಲ್ಲಿಯೂ ಹೆಸರು ಬದಲಿಸಿದುವು. ಆಕ್ಸ್‌ಫರ್ಡಿನವರೂ ಅಮೆರಿಕದ ಶಾಸನದವರೂ ಆಶ್ರಯಿಸಿದ ಏಷ್ಯವೂ ನಿಷ್ಕಳಂಕವೇನಲ್ಲ. ಅನತೋಲಿಯದ ಪಶ್ಚಿಮತೀರದಲ್ಲಿ ರೋಮನರ ಒಂದು ಪ್ರಾಂತಕ್ಕಿದ್ದ ಹೆಸರು ಅದು. ಓರಿಯೆನ್ಸಿನಂತೆಯೇ ಹಿಗ್ಗಿ ಜಪಾನಿನವರೆಗೆ ಹೋಗಿದೆ.

ಕನ್ನಡದ ಪ್ರಾಚ್ಯಕ್ಕೆ ಈ ಗದ್ದಲವೇನೂ ತಟ್ಟಿಲ್ಲ. ಅದರಲ್ಲಿ ದಿಕ್ಕು ಅಳಿದು ಕಾಲವೊಂದೇ ಉಳಿದಿರುವುದರಿಂದ ಯಾರೂ ಅದನ್ನು ಅವಮಾನವೆಂದೆಣಿಸುವುದಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ನೆಲವನ್ನಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಓರಿಯೆನ್ಸ್ ಎಂಬ ಶಬ್ದವನ್ನು ಹುಟ್ಟಿಸಿದ ಭಾಷೆಯ ಅಕ್ಷರಗಳೇ ಆ ನಾಣ್ಯಗಳ ಮೇಲೆ ಕೊರೆದಿವೆ. ಪಡುವಣ ಕಡಲನ್ನು ದಾಟಿ, ಘಟ್ಟವನ್ನು ಹತ್ತಿ ಬಂದ ಆ ಪಾಶ್ಚಾತ್ತ್ಯ ಬೆಳ್ಳಿಗೂ ಕನ್ನಡದಲ್ಲಿ ಪ್ರಾಚ್ಯವಸ್ತುವೆಂದೇ ಹೆಸರು.